ರಂಗಕ್ಕ ನೆಲಕ್ಕೆ ಹಿಂಡಿದ ಹಾಲು

ಹುಳಿಯಾರಿನಿಂದ ಕೆಂಕೆರೆ ಕಡೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳು ಮುಗಿದು ಜಾಲಿ ಶುರುವಾಗುವಲ್ಲಿ ಒಂದು ಗೊಲ್ಲರ ಹಟ್ಟಿ. ಆ ಹಟ್ಟಿಯ ಹುಡುಗು ಮುಂಡೇವುಗಳಲ್ಲಿ ಯಾವುದನ್ನೇ ಕೇಳಿ, ಈ ಲೋಕಕ್ಕೆ ಬಂದಾಗ ಅದನ್ನು ಮೊದಲು ಮುಟ್ಟಿದ್ದು ರಂಗಕ್ಕನ ಕೈ. ಅವಳಿಗೆ ಸೂಲಗಿತ್ತಿ ಎಂದು ಯಾರೂ ಪಟ್ಟ ಕಟ್ಟಿರಲಿಲ್ಲ. ಆ ಕೆಲಸ ಅವಳು ಕಲಿತದ್ದೂ ಮನುಷ್ಯರಿಂದಲ್ಲ, ಕುರಿಗಳಿಂದ. ತಿಪಟೂರು ಸೀಮೆಯ ತೋಟದವರು ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿಕೊಳ್ಳುತ್ತಿದ್ದರಲ್ಲ, ಅಂಥ ತೋಟಗಳಲ್ಲಿ ಗಂಡ ಚಿತ್ತಣ್ಣನ ಜೊತೆ ತಿಂಗಳುಗಟ್ಟಲೆ ಬಿದ್ದಿರುತ್ತಿದ್ದಳು. ಅಡ್ಡ ಸಿಕ್ಕಿದ ಮರಿಯ ಕಾಲು ಮಡಚಿ, ತಲೆ ತಿರುಗಿಸಿ ಹೊರಗೆ ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಕೈಗುಣ ಅಂದರೆ ಅದು. ಬಾಯಿ ಮಾತ್ರ ಮಹಾ ಜೋರು, ನೋವು ತಿನ್ನುವ ಹೆಣ್ಣಿಗೂ ನಾಲ್ಕು ಬೈಯದೆ ಹೆರಿಗೆ ಮಾಡಿಸಿದವಳಲ್ಲ.

ಕುರಿ ಈದರೆ ಅವಳದೊಂದು ಅವಸರ. ಮರಿಯ ಮೈ ಆರುವ ಮೊದಲೇ ಕುರಿಯ ತೊಟ್ಟು ಹಿಂಡಿ ದಾರಿ ಬಿಡಿಸಿ, ಮರಿಯ ಬಾಯಿ ಅಲ್ಲಿಗೆ ಒತ್ತಿಬಿಡುತ್ತಿದ್ದಳು. "ಗಿಣ್ಣು ಕಾಣದ ಮರಿ ಮಣ್ಣು ಕಾಣ್ತದೆ ಕಣ್ರಲಾ" ಎಂದು ಗದರುತ್ತಿದ್ದಳು. ಈದ ಕೂಡಲೇ ಬರುವ ಆ ಹಳದಿ ಗಟ್ಟಿ ಹಾಲಿನ ಬೆಲೆ ಹಟ್ಟಿಯಲ್ಲಿ ಗೊತ್ತಿಲ್ಲದವರು ಯಾರು!

ಅದೇ ರಂಗಕ್ಕ ಬಾಣಂತಿಯ ಹತ್ತಿರ ಬಂದರೆ ಮಾತೇ ಬೇರೆ. ಹೆತ್ತವಳ ಎದೆಯಲ್ಲಿ ಮೊದಲು ಬರುವ ಹಾಲೂ ಹಳದಿಯೇ, ಅದೂ ಗಟ್ಟಿಯೇ. ಆದರೆ ಹಟ್ಟಿಯವರು ಅದನ್ನು ಕೆಟ್ಟ ಹಾಲು ಅನ್ನುತ್ತಿದ್ದರು. ಮೂರು ದಿನ ಅದನ್ನು ಹಿಂಡಿ ತಂಗಟೆ ಗಿಡದ ಬುಡಕ್ಕೆ ಚೆಲ್ಲಬೇಕು. ಅಲ್ಲಿಯವರೆಗೆ ಕೂಸಿಗೆ ಬಟ್ಟೆಯ ಬತ್ತಿ ಅದ್ದಿ ಆಡಿನ ಹಾಲು, ಸಕ್ಕರೆ ನೀರು. ಕುರಿಗೊಂದು ನ್ಯಾಯ, ಹೆತ್ತವಳಿಗೊಂದು ನ್ಯಾಯ! ಎರಡೂ ಒಂದೇ ಕೈಯಲ್ಲಿ ನಡೆಯುತ್ತಿದ್ದವು, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ರಂಗಕ್ಕ ಇದರಲ್ಲಿ ಅಷ್ಟು ಕಟ್ಟುನಿಟ್ಟಾಗಲು ಕಾರಣವಿತ್ತು. ಅವಳ ಚೊಚ್ಚಲ ಮಗಳು ಹುಟ್ಟಿದ್ದು ಎಲ್ಲರಂತೆ ಹಟ್ಟಿಯ ಹೊರಗೆ, ತೆಂಗಿನ ಗರಿಯ ಗುಡಿಸಲಿನಲ್ಲಿ. ಸೂತಕ ಕಳೆಯುವವರೆಗೆ ತಾಯಿ ಮಗು ಅಲ್ಲೇ. ಮಳೆಯಾದರೂ ಅಲ್ಲೇ, ಚಳಿಯಾದರೂ ಅಲ್ಲೇ. ಸೂಲಗಿತ್ತಿ ಬಿಟ್ಟು ಹಟ್ಟಿಯ ಯಾರೂ ಮುಟ್ಟುವಂತಿಲ್ಲ. ಹುಟ್ಟಿದ ದಿನವೇ ಕೂಸು ಕಿರುಚಿ ಕಿರುಚಿ ನೀಲಿಗಟ್ಟಿತು. ಇನ್ನೂ ಹುಡುಗಿಯಾಗಿದ್ದ ರಂಗಕ್ಕ ತಡೆಯಲಾರದೆ, ಯಾರಿಗೂ ಕಾಣದಂತೆ ಸೆರಗು ಮುಚ್ಚಿ ಎದೆಗೆ ಹಾಕಿಕೊಂಡಳು. ಕೂಸು ಕುಡಿದು ಮಲಗಿತು. ಆಮೇಲೆ ಪದ್ಧತಿಯಂತೆ ಆಡಿನ ಹಾಲೂ ನಡೆಯಿತು. ವಾರ ಕಳೆಯುವುದರೊಳಗೆ ಭೇದಿ ಹತ್ತಿ ಮಗು ಹೋಯಿತು. ಕದ್ದು ಎದೆಹಾಲು ಕೊಟ್ಟದ್ದು ಅತ್ತೆ ಹೊಂಬಾಳಮ್ಮನಿಗೆ ಹೇಗೆ ತಿಳಿಯಿತೋ, ಗುಡಿಸಲಿನ ಹೊರಗೆ ನಿಂತು ಹಟ್ಟಿಗೆಲ್ಲ ಕೇಳುವಂತೆ ಅಂದಳು: "ನಿನ್ ಕೆಟ್ಟಾಲೇ ಕೂಸನ್ನ ತಿಂತು ಕಣೇ, ಪಾಪಿ!"

ಆ ಮಾತು ರಂಗಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಆಮೇಲೆ ಮಗ ಓಬಳೇಶ ಹುಟ್ಟಿದಾಗ ಒಂದು ತೊಟ್ಟೂ ಕೊಡಲಿಲ್ಲ. ಅವನು ಗುಂಡುಕಲ್ಲಿನಂತೆ ಬೆಳೆದ. ಇನ್ನೇನು ಬೇಕು ಸಾಕ್ಷಿ? ಹೊಂಬಾಳಮ್ಮ ಹೋದ ಮೇಲೆ ಅವಳ ಮಾತನ್ನು ರಂಗಕ್ಕನೇ ಹಿಡಿದು ನಡೆಸಿದಳು. ತನಗಾದದ್ದು ಇನ್ನೊಬ್ಬಳಿಗೆ ಆಗಬಾರದೆಂದು, ಗುಡಿಸಲಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ತಾನೇ ಕೈಯಾರೆ ಹಿಂಡುತ್ತಿದ್ದಳು. ಸೊಸೆ ಯಮುನಾಳ ಮೊದಲ ಗಂಡುಕೂಸಿಗೂ ಹಾಗೇ ಮಾಡಿದಳು. ಆ ಕೂಸೂ ಭೇದಿಯಲ್ಲೇ ಹೋಯಿತು. ಹಣೆಬರಹ ಅಂದರು. ರಂಗಕ್ಕನೂ ಹಣೆಬರಹವೇ ಅಂದಳು. ಯಮುನಾ ಮಾತ್ರ ಏನೂ ಅನ್ನಲಿಲ್ಲ, ಅವಳು ಮೊದಲೇ ಬಾಯಿಲ್ಲದ ಹೆಣ್ಣು.

ಎರಡು ಸಾವಿರದ ಏಳನೇ ಇಸವಿಯಲ್ಲಿ ಯಮುನಾ ಮತ್ತೆ ತುಂಬಿದ ಬಸುರಿಯಾಗಿದ್ದಾಗ ಹಟ್ಟಿಗೊಂದು ಜೀಪು ಬಂತು. ಬೆಂಗಳೂರಿನಿಂದ ಬಂದ ಸಂಶೋಧನೆಯವರಂತೆ. ಒಬ್ಬಾಕೆ ಮಕ್ಕಳ ಡಾಕ್ಟರು, ಪವಿತ್ರಾ ಅಂತ. ಮತ್ತೊಬ್ಬರು ಜನರ ನಡೆನುಡಿ ಓದಿಕೊಂಡ ಮರುಳಸಿದ್ದಯ್ಯ ಮೇಷ್ಟ್ರು. ಇವರು ಕೂಡಿಟ್ಟದ್ದನ್ನು ಪರೀಕ್ಷೆ ಮಾಡುವ ಕ್ರಿಮಿಶಾಸ್ತ್ರದವರು ಬೇರೆ ಬೆಂಗಳೂರಿನಲ್ಲಿ ಕಾದಿದ್ದರು. ಇಷ್ಟು ಓದಿದವರೆಲ್ಲ ಸೇರಿ ಕೇಳಿದ್ದೇನು? ಹುಟ್ಟಿದ ಕೂಸಿನ ಹೇಲು! ಕುರಿಮಂದೆಯ ನಡುವೆ ಹುಟ್ಟುವ ಮಕ್ಕಳ ಹೊಟ್ಟೆಯೊಳಗೆ ಎಂಥೆಂಥ ಕ್ರಿಮಿಗಳು ಮನೆ ಮಾಡುತ್ತವೆ, ಪಟ್ಟಣದ ಮಕ್ಕಳಿಗಿಂತ ಅದು ಹೇಗೆ ಬೇರೆ, ಅದಕ್ಕೂ ಆರೋಗ್ಯಕ್ಕೂ ಏನು ನಂಟು ಎಂದು ನೋಡಬೇಕಿತ್ತು. ಹಟ್ಟಿಯವರು ಬಿದ್ದೂ ಬಿದ್ದೂ ನಕ್ಕರು. "ಹೊಲಕ್ ಹಾಕಕ್ಕೇನವ್ವಾ?" ಎಂದು ಮುದುಕರೊಬ್ಬರು ಕೇಳಿಯೂಬಿಟ್ಟರು. ಆದರೆ ಗುಡಿಸಲಿನೊಳಗೆ ಹೋಗಬಲ್ಲವಳು ಸೂಲಗಿತ್ತಿ ಒಬ್ಬಳೇ. ಹಾಗಾಗಿ ಡಬ್ಬಿಗಳು ರಂಗಕ್ಕನ ಕೈಗೆ ಬಂದವು.

ಒಂದು ಬೆಳಿಗ್ಗೆ ಪವಿತ್ರಾ ಬಂದಾಗ ರಂಗಕ್ಕ ಈದ ಕುರಿಯ ಮುಂದೆ ಕೂತಿದ್ದಳು. ಮರಿಯ ಬಾಯನ್ನು ತೊಟ್ಟಿಗೆ ಒತ್ತಿ ಹಿಡಿದಿದ್ದಳು.

"ಯಾಕಜ್ಜಿ ಅಷ್ಟು ಅವಸರ?"

"ಗಿಣ್ಣು ಒಳಕ್ಕೋಗ್ಬೇಕಲ್ಲ ಡಾಕ್ಟ್ರಮ್ಮ. ತಡ ಆದ್ರೆ ಮರಿ ದಕ್ಕಲ್ಲ."

"ಹುಟ್ಟಿದ ಮಗೂಗೆ ಏನು ಕೊಡ್ತೀರಿ?"

ರಂಗಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು. ಬತ್ತಿ, ಆಡಿನ ಹಾಲು, ಸಕ್ಕರೆ ನೀರು. ಕೆಟ್ಟ ಹಾಲು ತಂಗಟೆ ಬುಡಕ್ಕೆ. ಪವಿತ್ರಾ ಏನೋ ಹೇಳಲು ಬಾಯಿ ತೆರೆದಳು. ಮರುಳಸಿದ್ದಯ್ಯನವರು ಅವಳನ್ನು ಪಕ್ಕಕ್ಕೆ ಕರೆದು, "ನಾವು ನೋಡೋಕೆ ಬಂದಿರೋದಮ್ಮ, ತಿದ್ದೋಕಲ್ಲ. ನಾವೇ ಕೈ ಹಾಕಿದರೆ ನೋಡಿದ್ದೇನು ಬಂತು?" ಅಂದರು. "ಸರ್, ನಾನು ಮೊದಲು ಡಾಕ್ಟ್ರು" ಅಂದಳು ಪವಿತ್ರಾ. ಇಬ್ಬರಿಗೂ ಸ್ವಲ್ಪ ಬಿರುಸಾಗಿಯೇ ಮಾತಾಯಿತು. ಕೊನೆಗೆ ಮೇಷ್ಟ್ರು, "ಹೇಳಿ ಹಾಗಾದರೆ. ಬರೆಯೋದನ್ನ ಆಮೇಲೆ ಬರೆಯೋಣ" ಎಂದು ಜೀಪಿನ ಕಡೆ ಹೋದರು.

ಪವಿತ್ರಾ ರಂಗಕ್ಕನ ಪಕ್ಕ ನೆಲದ ಮೇಲೆ ಕೂತಳು. "ಅಜ್ಜಿ, ಹೆಪ್ಪು ಹಾಕದೆ ಹಾಲು ಇಟ್ಟರೆ ಏನಾಗುತ್ತೆ?"

"ಏನಾದ್ದೋ ಆಯ್ತದೆ. ಒಂದಿನ ಮೊಸರಾಯ್ತದೆ, ಒಂದಿನ ನಾರ್ತದೆ."

"ಹುಟ್ಟಿದ ಮಗುವಿನ ಹೊಟ್ಟೇನೂ ಹಂಗೇ. ಯಾವ ಕ್ರಿಮಿ ಮೊದಲು ಬೇರು ಬಿಡುತ್ತೋ ಅದರದ್ದೇ ರಾಜ್ಯ. ತಾಯಿ ಹಾಲಲ್ಲಿ ಒಂದು ಬಗೆ ಸಕ್ಕರೆ ಇದೆ, ಆ ಹಳದಿ ಹಾಲಲ್ಲೇ ಹೆಚ್ಚು. ಅದು ಮಗೂಗೆ ಅರಗೋದೇ ಇಲ್ಲ."

"ಅರಗದಿದ್ ಮೇಲೆ ಯಾಕೆ ಐತೆ?"

"ಒಳ್ಳೇ ಕ್ರಿಮಿಗಳಿಗೆ, ಅಜ್ಜಿ. ಅವು ಅದನ್ನ ತಿಂದು ಬೆಳೆದು, ಕೆಟ್ಟವು ಒಳಕ್ಕೆ ಬರದಂಗೆ ಕಾಯ್ತವೆ. ಮಗು ಜೊತೆ ಅವಕ್ಕೂ ತಾಯಿನೇ ಉಣ್ಣಿಸ್ತಾಳೆ."

ರಂಗಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ಬುಡು ಬುಡು ತಾಯಿ! ನನ್ ಕೈಲಿ ಹುಟ್ಟಿದ್ದೋವೆಲ್ಲ ಬದುಕಿಲ್ವಾ? ಮನುಷ್ಯರೇನು ಕುರಿಗಳಾ?" ಎಂದು ಎದ್ದು ಹೊರಟಳು. ನಾಲ್ಕು ಹೆಜ್ಜೆ ಹೋದವಳು ನಿಂತಳು. ಹಿಂದಕ್ಕೆ ತಿರುಗದೆ ಕೇಳಿದಳು: "ಒಂದು ಕೂಸು. ಹೆಣ್ಣು. ಆ ಹಾಲು ಕುಡೀತು. ಕುಡಿದೇ ಸತ್ತೋಯ್ತು. ಅದಕ್ಕೇನಂತೀಯ?"

"ಬೇರೆ ಏನು ಕೊಟ್ಟಿದ್ರು ಅಜ್ಜಿ?"

"ಆಡಿನ ಹಾಲು. ಕಟ್ಟೆ ನೀರಿಗೆ ಸಕ್ಕರೆ ಹಾಕಿ..."

ಪವಿತ್ರಾ ಯಾರ ಕೂಸು ಎಂದು ಕೇಳಲಿಲ್ಲ. ಮೆತ್ತಗೆ ಅಂದಳು, "ಯಾವುದರಿಂದ ಸತ್ತಿತು ಅಂತ ಈಗ ನಾನು ಹೇಳೋಕಾಗಲ್ಲ. ಆದರೆ ಆ ಹಾಲಿಂದ ಅಲ್ಲ ಅಜ್ಜಿ. ಅದನ್ನ ಮಾತ್ರ ನಾನು ಹೇಳಬಲ್ಲೆ."

ರಂಗಕ್ಕ ಕುರಿರೊಪ್ಪದ ಬೇಲಿ ಹಿಡಿದು ನಿಂತೇ ಇದ್ದಳು. ಮೂವತ್ತು ಚಿಲ್ಲರೆ ವರ್ಷ ತನ್ನ ಹಾಲೇ ವಿಷ ಎಂದು ನಂಬಿ ಬದುಕಿದ್ದ ಹೆಂಗಸು. ಕೂಸು ಹೋದಾಗ ಅಳದೆ ಇದ್ದವಳು ಅವತ್ತು ಕುರಿಗಳ ನಡುವೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಯಮುನಾಳಿಗೆ ನೋವು ಬಂದದ್ದು ಆ ವಾರದಲ್ಲೇ. ಹೆರಿಗೆ ಸಲೀಸಾಗಿ ಆಯಿತು, ಹೆಣ್ಣುಮಗು. ಹೊಕ್ಕುಳ ಕಟ್ಟಿ, ಮೈ ಒರೆಸಿ ಮಲಗಿಸಿದ್ದಾಯಿತು. ಯಮುನಾ ತಾನಾಗಿಯೇ ಕುಪ್ಪಸ ಸರಿಸಿ ಮುಖ ಆಚೆ ತಿರುಗಿಸಿದಳು, ಅತ್ತೆ ಹಿಂಡಲಿ ಎಂದು. ರಂಗಕ್ಕನ ಕೈ ಮುಂದಕ್ಕೆ ಹೋಗಿ ನಿಂತುಬಿಟ್ಟಿತು. ಇಷ್ಟು ವರ್ಷದ ಹಟ್ಟಿಯ ಮಾತು ಒಂದು ಕಡೆ, ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತು ಒಂದು ಕಡೆ. ಈ ಕೂಸೂ ಹೋದರೆ? ಹೋದರೆ ಯಾರ ಮುಖ ನೋಡುವುದು? ಹೊರಗೆ ರೊಪ್ಪದಲ್ಲಿ ಮರಿಯೊಂದು ತಾಯಿಯನ್ನು ಕರೆಯಿತು. ರಂಗಕ್ಕ ಕೂಸನ್ನೆತ್ತಿ ಅದರ ಬಾಯನ್ನು ಸೊಸೆಯ ಎದೆಗೆ ಒತ್ತಿದಳು.

ಯಮುನಾ ಬೆಚ್ಚಿಬಿದ್ದಳು. "ಅತ್ತೆ, ಕೆಟ್ಟಾಲು..."

"ಗಿಣ್ಣು ಕಣೇ ಅದು. ಗಿಣ್ಣು. ಸುಮ್ಕೆ ಕುಡಿಸು."

ಆಡಿನ ಹಾಲೂ ಇಲ್ಲ, ಸಕ್ಕರೆ ನೀರೂ ಇಲ್ಲ. ರಂಗಕ್ಕ ಹಗಲೂ ರಾತ್ರಿ ಗುಡಿಸಲು ಬಿಟ್ಟು ಕದಲಲಿಲ್ಲ. ಬಟ್ಟೆ ಬದಲಿಸುವಾಗಲೆಲ್ಲ ಕೂಸಿನ ಹೇಲಿನ ಬಣ್ಣ ನೋಡುವಳು. ಮೊದಲು ಕರ್ರಗೆ ಅಂಟಂಟಾಗಿ ಹೋಯಿತು, ಆಮೇಲೆ ಹಸಿರು, ಆಮೇಲೆ ಅರಿಶಿನ ಕಲಸಿದ ಹಾಗೆ. ಡಬ್ಬಿಗೆ ತುಂಬುವಾಗ ಮೂಸಿಯೂ ನೋಡುತ್ತಿದ್ದಳು. ಯಮುನಾಳ ಮೊದಲ ಕೂಸಿಗೆ ಭೇದಿ ಹತ್ತಿದ ದಿನ ಬಂತು, ಹೋಯಿತು. ಹೊಕ್ಕುಳು ಉದುರಿತು. ಕೂಸು ಕೈಕಾಲು ಆಡಿಸಿಕೊಂಡು ಗಟ್ಟಿಯಾಗಿತ್ತು.

ಅವತ್ತು ಬಿಸಿಲು ಕಾಯಲು ತಾಯಿ ಮಗು ಗುಡಿಸಲಿನ ಬಾಗಿಲಲ್ಲಿ ಕೂತಿದ್ದರು. ಎದುರಿಗೇ ಆ ತಂಗಟೆ ಗಿಡ, ಮೈತುಂಬ ಹಳದಿ ಹೂ ಬಿಟ್ಟುಕೊಂಡು. ಹಾಲೂಡಿಸುತ್ತಿದ್ದ ಯಮುನಾ ಅದನ್ನೇ ನೋಡುತ್ತ ಇದ್ದವಳು, ಯಾವತ್ತೂ ಎದುರು ಮಾತಾಡದವಳು, ಮೆಲ್ಲಗೆ ಕೇಳಿದಳು.

"ಅತ್ತೆ, ಮೊದಲ್ನೇ ಕೂಸಿಗೂ ಈ ಹಾಲು ಬಂದಿತ್ತಲ್ವಾ?"

ರಂಗಕ್ಕನಿಗೆ ಇದು ಬರುತ್ತದೆಂದು ಗೊತ್ತಿತ್ತು. ಹಣೆಬರಹ ಅನ್ನಬಹುದಿತ್ತು, ಹೊಂಬಾಳಮ್ಮನ ಹೆಸರು ಹೇಳಬಹುದಿತ್ತು. ಅವಳ ಬಾಯಿಗೆ ಅದೊಂದೂ ಬರಲಿಲ್ಲ.

"ಬಂದಿತ್ತು ಕಣವ್ವ. ಬೇಕಾದಷ್ಟು ಬಂದಿತ್ತು. ನಾನೇ ಹಿಂಡಿ ಚೆಲ್ದೆ."

ಯಮುನಾಳ ಕಣ್ಣಿಂದ ನೀರು ಇಳಿದು ಕೂಸಿನ ನೆತ್ತಿಯ ಮೇಲೆ ಬಿತ್ತು. ರಂಗಕ್ಕ ಅದನ್ನು ಒರೆಸಲು ಕೈ ಚಾಚಿದಳು, ಆಮೇಲೆ ಆ ಕೈ ಹಿಂದಕ್ಕೆ ತೆಗೆದುಕೊಂಡಳು. ಕೂಸು ತೊಟ್ಟು ಬಿಟ್ಟು ಮುಖ ಕಿವುಚಿ ಅತ್ತಿತು. ಆಗ ಯಮುನಾ ಸೆರಗಲ್ಲಿ ಮೂಗೊರೆಸಿಕೊಂಡು, ಅತ್ತೆಯ ಮುಖ ನೋಡದೆ ಕೇಳಿದಳು:

"ಈ ಕಡೇದೂ ಕುಡಿಸ್ಲಾ, ಅತ್ತೆ?"

"ಕುಡ್ಸವ್ವ" ಅಂದಳು ರಂಗಕ್ಕ. "ಒಂದು ತೊಟ್ಟೂ ಚೆಲ್ಬೇಡ."