ಬೀಗರ ಕಾರಿನೊಳಗಿನ ಚೂರು

ಪುಕ್ಕಲ ಮೇಸ್ತ್ರಿ ಎಂಬುದು ಕಾರು ರಿಪೇರಿ ಮಾಡುವ ಅವನಿಗೆ ಬೀದಿಯವರು ಇಟ್ಟ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನು ತಿರುಗಿಸಿದರೆ ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಅವನ ಕೈಗೆ ಪುಕ್ಕಲುತನ ಇರಲಿಲ್ಲ, ಅದು ಎಂಜಿನ್ನಿನ ಎಂಥ ಸಂದಿಗಾದರೂ ನುಗ್ಗುತ್ತಿತ್ತು. ಹೆದರಿಕೆಯೆಲ್ಲ ಕೈ ಹೊರಗೆ ಬಂದ ಮೇಲೆ. ನಟ್ಟು ಬಿಗಿ ಮಾಡಿ, ಬಿಗಿ ಮಾಡಿದ್ದೇನೆಯೇ ಎಂದು ನೋಡಿ, ನೋಡಿದ್ದು ನಿಜವೇ ಎಂದು ಮತ್ತೆ ಸ್ಪ್ಯಾನರ್ ಹಾಕುವ ಪೈಕಿ ಅವನು. ತನ್ನ ಮದುವೆಯ ದಿನವೇ ಶಾಸ್ತ್ರದ ನಡುವೆ ಎದ್ದು, ನೆಂಟರನ್ನು ಕರೆತಂದ ವ್ಯಾನಿನ ರೇಡಿಯೇಟರ್ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಲು ಹೋಗಿದ್ದನಂತೆ.

"ಹುಡುಗ ಓಡಿಹೋದ ಅಂತ ನಮ್ಮಪ್ಪ ಎದೆ ಹಿಡ್ಕೊಂಡ್ರು," ಎಂದು ಹೆಂಡತಿ ಈಗಲೂ ಹೇಳುತ್ತಾಳೆ. "ಓಡಿಹೋಗೋಕೂ ಧೈರ್ಯ ಬೇಕಲ್ಲ, ವಾಪಸ್ ಬಂದ್ರು."

ಅವನಿಗೊಂದು ರೂಢಿಯಿತ್ತು. ಎಂಜಿನ್ನಿನಿಂದ ಯಾವುದೇ ಪ್ಲಾಸ್ಟಿಕ್ ಭಾಗ ಒಡೆದು ಹೊರಗೆ ಬಂದರೂ ಅದರ ಚೂರುಗಳನ್ನು ತಟ್ಟೆಯಲ್ಲಿ ಹರಡಿ, ಗೋಂದು ಹಾಕಿ, ಒಂದಕ್ಕೊಂದು ಜೋಡಿಸಿ ಮೊದಲಿನ ಆಕಾರಕ್ಕೆ ತರುತ್ತಿದ್ದ. ಆಕಾರ ಪೂರ್ತಿಯಾಯಿತೆಂದರೆ ಒಳಗೆ ಏನೂ ಉಳಿದಿಲ್ಲ ಎಂದರ್ಥ. ಹೊಸದನ್ನು ಹಾಕುವುದು ಆಮೇಲೆ. ಎಸೆಯುವ ಕಸಕ್ಕೆ ಇಷ್ಟೊಂದು ಉಪಚಾರ ಮಾಡುವವನನ್ನು ಕಂಡರೆ, ಕಾರಿನ ಬಗೆಗಿನ ತಿಳಿವಳಿಕೆ ಬಾಗಿಲು ಹಾಕುವುದರಲ್ಲೇ ಮುಗಿದುಹೋಗುವ ನಮ್ಮಂಥವರಿಗೆ ನಗು ಬಾರದೆ ಇನ್ನೇನು?

ಬೀಗರು ಬಂದ ದಿನ ಈ ರೂಢಿ ತಪ್ಪಿತು.

ಬೀಗರೆಂದರೆ ಮಗಳ ಮಾವ. ಪಕ್ಕದ ಪೇಟೆಯಲ್ಲಿ ಅವರದು ಕನ್ನಡಕದ ಅಂಗಡಿ. ಯಾರನ್ನೇ ನೋಡಿದರೂ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಇವರ ಕಣ್ಣಿನ ನಂಬರ್ ಎಷ್ಟಿರಬಹುದು ಎಂದು ಅಂದಾಜು ಮಾಡುವವರಂತೆ ನೋಡುತ್ತಿದ್ದರು. ಆ ನೋಟದ ಎದುರು ಮೇಸ್ತ್ರಿಗೆ ತನ್ನಲ್ಲಿ ಏನೋ ದೋಷ ಸಿಕ್ಕಿಬಿದ್ದ ಹಾಗಾಗುತ್ತಿತ್ತು. ಅವರ ಕಾರು ಯಾವತ್ತೂ ದೊಡ್ಡ ಗ್ಯಾರೇಜಿಗೇ ಹೋಗುತ್ತಿತ್ತು, ಬಂದವರನ್ನು ಸೋಫಾದಲ್ಲಿ ಕೂರಿಸಿ ಕಾಫಿ ಕೊಡುವಂಥದ್ದಕ್ಕೆ. ಆದರೆ ಎಂಜಿನ್ನಿನ ಹಿಂಬದಿಯಲ್ಲಿ, ಅದನ್ನು ತಣಿಸುವ ಕೂಲೆಂಟ್ ಹರಿಯುವ ಪ್ಲಾಸ್ಟಿಕ್ ಪೈಪನ್ನು ಅಲ್ಲಿ ಒಮ್ಮೆ ಬದಲಿಸಿಯೂ ಅದು ಮತ್ತೆ ಸೋರತೊಡಗಿದಾಗ, "ನಮ್ಮಪ್ಪನ ಹತ್ರ ಕೊಡಿ ಮಾವ, ಇನ್ನೊಂದ್ಸಲ ಸೋರಲ್ಲ," ಎಂದು ಮಗಳು ಹೇಳಿಬಿಟ್ಟಿದ್ದಳು. ಅಪ್ಪನ ಹೆಸರಿನಲ್ಲಿ ಮಗಳು ಕೊಟ್ಟ ಮಾತು. ಅದನ್ನು ಕೇಳಿದಾಗಿನಿಂದ ಮೇಸ್ತ್ರಿ, ತರಿಸಿಟ್ಟ ಹೊಸ ಪೈಪಿನ ಅಳತೆಯನ್ನು ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದ.

ಬೀಗರು, ಬೀಗಿತ್ತಿ, ಮಗಳು ಮೂವರೂ ದಾರಿಯುದ್ದಕ್ಕೂ ಕಾರಿಗೆ ನೀರು ಕುಡಿಸುತ್ತ ಬಂದರು. ಅಳಿಯನಿಗೆ ಬೆಟ್ಟದಾಚೆಯ ಊರಿಗೆ ವರ್ಗವಾಗಿತ್ತು. ಪೈಪು ಹಾಕಿಸಿಕೊಂಡು, ಮಗಳನ್ನು ಪಾತ್ರೆಪಡಗದ ಸಮೇತ ಅಂದೇ ಅಲ್ಲಿಗೆ ಬಿಟ್ಟುಬರುವುದೆಂದು ತೀರ್ಮಾನ. ಮೇಸ್ತ್ರಿ ಶೆಡ್ಡಿನ ಒಂದೇ ಒಂದು ಒಳ್ಳೆಯ ಕುರ್ಚಿಯನ್ನು ಒರೆಸಿ ಬೀಗರಿಗೆ ಕೊಟ್ಟ. ಅವರು ಅದನ್ನು ಕಾರಿನ ಪಕ್ಕಕ್ಕೇ ಎಳೆದುಕೊಂಡು ಕೂತರು.

"ಕಂಪನಿಯವರು ಪ್ಲಾಸ್ಟಿಕ್ ಇಟ್ಟಿದ್ದಾರೆ ಅಂದ್ರೆ ಯೋಚನೆ ಮಾಡಿಯೇ ಇಟ್ಟಿರ್ತಾರಲ್ವ ಬೀಗ್ರೇ?"

"ಇಟ್ಟಿರ್ತಾರೆ ಬೀಗ್ರೇ. ಹೊಸದರಲ್ಲಿ ಚೆನ್ನಾಗೇ ಇರುತ್ತೆ. ಬಿಸೀಲಿ ಬೆಂದೂ ಬೆಂದೂ ಬಿಸ್ಕತ್ ಥರ ಆಗಿಬಿಡುತ್ತೆ. ಇದು ನೋಡಿ, ಅಲ್ಯೂಮಿನಿಯಂ. ಹೊರಗಿನವರು ಮಾಡಿದ್ದು, ಆದ್ರೆ ಅಳತೆ ಅದೇ. ನೀವೂ ಅಂಗಡೀಲಿ ಮೆಟಲ್ ಫ್ರೇಮೇ ಗಟ್ಟಿ ಅಂತೀರಲ್ಲ?"

"ಯಾವ ಕಾಲದ ಮಾತು! ಈಗ ಎಲ್ರೂ ಪ್ಲಾಸ್ಟಿಕ್ಕೇ ಕೇಳೋದು. ಮೆಟಲ್ಲು ಮುದುಕರಿಗೆ."

ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿದ.

ಹಳೆಯ ಪೈಪು ಅವನು ಹೆದರಿದಂತೆಯೇ ಮಾಡಿತು. ಎಳೆದ ತಕ್ಷಣ ಲಟಕ್ಕೆಂದು ಮುರಿದು, ತುದಿಯನ್ನು ಎಂಜಿನ್ನಿನ ತೂತಿನಲ್ಲೇ ಬಿಟ್ಟು ಬಂತು. ಕೊಕ್ಕೆ, ಚಿಮಟ, ಬೆರಳು ಎಲ್ಲವನ್ನೂ ಹಾಕಿ, ಉಸಿರು ಬಿಗಿಹಿಡಿದು, ಚೂರು ಚೂರಾಗಿ ತುದಿಯನ್ನು ಹೊರಗೆ ತೆಗೆದ. ಟಾರ್ಚು ಬಿಟ್ಟು ನೋಡಿದ. ತೂತು ಸ್ವಚ್ಛವಾಗಿತ್ತು. ಚೂರುಗಳನ್ನು ತಟ್ಟೆಗೆ ಸುರಿದು ಗೋಂದಿನ ಟ್ಯೂಬಿಗೆ ಕೈ ಚಾಚಿದ.

"ಅದೇನು ಬೀಗ್ರೇ, ಹಳೇದನ್ನೇ ಅಂಟಿಸಿ ಹಾಕ್ತೀರಾ?"

"ಅಲ್ಲಲ್ಲ. ಇದು ಸುಮ್ನೆ... ಒಂದ್ಸಲ ನೋಡೋಕೆ."

"ಬೆಳಕಿರೋವಾಗಲೇ ಬೆಟ್ಟ ದಾಟಬೇಕು. ಆಟ ಆಮೇಲೆ ಆಡೀರಂತೆ."

ಬೀಗಿತ್ತಿ ಕಿಸಕ್ಕನೆ ನಕ್ಕರು. ಮಗಳು ನಗಲಿಲ್ಲ, ಆದರೆ ಅವಳ ಮುಖ ಕೆಂಪಗಾಯಿತು. ಅದನ್ನು ನೋಡಿ ಮೇಸ್ತ್ರಿ ಗೋಂದನ್ನು ಕೆಳಗಿಟ್ಟ. ಹೊಸ ಪೈಪಿನ ರಬ್ಬರ್ ಉಂಗುರಗಳಿಗೆ ಕೂಲೆಂಟ್ ಸವರಿ, ತೂತಿಗೆ ನೇರ ಹಿಡಿದು ಒತ್ತಿದ. ಬಿಗಿಯಾಗಿ ಕೂತಿತು. ಎಂಜಿನ್ ಓಡಿಸಿ ನೋಡಿದರೆ ಒಂದು ಹನಿ ಇಲ್ಲ. ಬೀಗರು ತಲೆ ಹಿಂದಕ್ಕೆ ಬಾಗಿಸಿ ನೋಡಿ, "ಪರವಾಗಿಲ್ಲ," ಎಂದರು. ಮಗಳು ಕಿಟಕಿಯಿಂದ ಕೈ ಬೀಸಿದಳು. ಕಾರು ಹೋಯಿತು.

ಆಮೇಲೆ ಅವನು ತಟ್ಟೆಯ ಮುಂದೆ ಕೂತ. ಚೂರುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋದವು. ಪೈಪಿನ ಬಾಯಿ ದುಂಡಗಾಗುತ್ತ ಬಂದು, ಒಂದು ಕಡೆ ಕಿರುಬೆರಳಿನ ಉಗುರಿನಷ್ಟು ಕಿಂಡಿ ಉಳಿಯಿತು. ತಟ್ಟೆ ಖಾಲಿಯಾಗಿತ್ತು.

ಬೆಂಚಿನ ಕೆಳಗೆ ತೆವಳಿದ. ನೆಲ ಗುಡಿಸಿ, ಗುಡಿಸಿದ ಕಸವನ್ನು ಕೈಯಲ್ಲಿ ಜಾಲಾಡಿದ. ಅಂಗಿಯ ಜೇಬು, ಪ್ಯಾಂಟಿನ ಮಡಿಕೆ, ಚಪ್ಪಲಿಯ ಅಡಿ ಎಲ್ಲ ನೋಡಿದ. ಹೆಂಡತಿ ಬಂದಾಗ ಅವನು ಬರೀ ಬನಿಯನ್ನಿನಲ್ಲಿ ನಿಂತು ಅಂಗಿ ಒದರುತ್ತಿದ್ದ.

"ಏನ್ರೀ ಇದು, ಜೇನು ಕಚ್ತಾ?"

ಅವನು ಕಿಂಡಿ ತೋರಿಸಿದ. ಅವಳಿಗೆ ವಿವರಿಸಬೇಕಾಗಲಿಲ್ಲ. ಅಷ್ಟು ವರ್ಷ ಈ ಮನುಷ್ಯನ ಹೆದರಿಕೆಗಳ ಜೊತೆ ಸಂಸಾರ ಮಾಡಿದವಳಿಗೆ ಯಾವುದು ಉತ್ತುತ್ತದ್ದು, ಯಾವುದು ನಿಜದ್ದು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇದು ನಿಜದ್ದು. ಚೂರು ಎಂಜಿನ್ನಿನೊಳಗೆ ಬಿದ್ದಿದ್ದರೆ ಕೂಲೆಂಟಿನ ಜೊತೆ ಸುತ್ತುತ್ತಿರುತ್ತದೆ. ಸುತ್ತಿ ಸುತ್ತಿ, ಬಿಸಿನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟಿನ ಬಾಯಿಗೋ, ಪಂಪಿನ ರೆಕ್ಕೆಗೋ ಸಿಕ್ಕಿಕೊಳ್ಳಬಹುದು. ಸಮತಟ್ಟಾದ ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ. ಬೆಟ್ಟ ಏರುವಾಗ ಎಂಜಿನ್ ಕುದಿಯುತ್ತದೆ. ಕಿರಿದಾದ ತಿರುವು, ಹಿಂದೆ ಲಾರಿ, ಪಕ್ಕದಲ್ಲಿ ಪ್ರಪಾತ. ಹಿಂದಿನ ಸೀಟಿನಲ್ಲಿ ಮಗಳು.

"ಫೋನ್ ಮಾಡಿ," ಎಂದಳು ಹೆಂಡತಿ.

ಮಾಡಿದ. ಎತ್ತಿದ್ದು ಮಗಳು, ಆದರೆ ಸ್ಪೀಕರಿನಲ್ಲಿ ಇಟ್ಟಿದ್ದಳು.

"ಏನಪ್ಪಾ?"

"ಏನಿಲ್ಲ ಮಗಳೇ, ಸುಮ್ನೆ. ಟೆಂಪರೇಚರ್ ಮುಳ್ಳು ಎಲ್ಲಿದೆ?"

"ಮಧ್ಯದಲ್ಲಿದೆ."

"ಮಧ್ಯದಲ್ಲಿ ಅಂದ್ರೆ ನಟ್ಟನಡುವೇನಾ, ಸ್ವಲ್ಪ ಮೇಲಾ?"

ಬೀಗರ ದನಿ ಬಂತು. "ಬೀಗ್ರೇ, ನಿಮ್ಮ ಮೆಟಲ್ ಪೈಪಿನ ಮೇಲೆ ನಿಮಗೇ ನಂಬಿಕೆ ಇಲ್ವಾ?"

"ಛೆ ಛೆ! ಹುಷಾರಾಗಿ ಹೋಗಿ ಅಂತ ಹೇಳೋಕೆ ಮಾಡ್ದೆ," ಎಂದು ಮೇಸ್ತ್ರಿ ಫೋನ್ ಇಟ್ಟ.

"ಹೇಳಿದ್ರಾ?"

"ಹೇಳ್ದೆ."

"ಏನಂತ?"

"ಹುಷಾರಾಗಿ ಹೋಗಿ ಅಂತ."

ಹೆಂಡತಿ ಅವನನ್ನೇ ದಿಟ್ಟಿಸಿದಳು. "ಎಲ್ಲದಕ್ಕೂ ಹೆದರ್ತೀರಿ ಅಂತ ಊರೆಲ್ಲ ನಗುತ್ತೆ. ಬೇರೆಯವರು ನಗಲಿ, ನಾನು ನಕ್ಕಿಲ್ಲ. ಇವತ್ತು ನೀವು ಹೆದರಿದ್ದು ಬೀಗರಿಗೆ, ಬೆಟ್ಟಕ್ಕಲ್ಲ. ಇನ್ನೊಂದ್ಸಲ ಮಾಡಿ."

ಮಾಡಿದ. ಈ ಸಲ ಒಂದೇ ಉಸಿರಿನಲ್ಲಿ ಹೇಳಿದ: ಒಂದು ಚೂರು ಲೆಕ್ಕಕ್ಕೆ ಸಿಗುತ್ತಿಲ್ಲ, ಒಳಗಿರಬಹುದು, ತಪ್ಪು ನನ್ನದು, ಬೆಟ್ಟದ ಬುಡದಲ್ಲಿ ನಿಲ್ಲಿಸಿ, ಬರುತ್ತಿದ್ದೇನೆ. ಆಚೆ ಕಡೆಯಿಂದ ಹಾರ್ನಿನ ಸದ್ದು, ಗಾಳಿಯ ಸದ್ದು. ಕೊನೆಗೆ ಬೀಗರು, "ಚಹಾದಂಗಡಿ ಹತ್ರ ಇರ್ತೀವಿ," ಎಂದರು. ಮೇಸ್ತ್ರಿಯ ನಂಬರ್ ಎಷ್ಟೆಂದು ಅವರಿಗೆ ಕಡೆಗೂ ಗೊತ್ತಾದ ಹಾಗಿತ್ತು ಆ ದನಿ.

ಬೈಕಿಗೆ ಸಾಮಾನಿನ ಚೀಲ ಮತ್ತು ಕೂಲೆಂಟಿನ ಕ್ಯಾನು ಕಟ್ಟಿ, ಅಂಟಿಸಿದ ಪೈಪನ್ನು ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಮೇಸ್ತ್ರಿ ಹೊರಟ. ದಾರಿಯಲ್ಲಿ ಹೊಗೆ ಕಂಡ ಕಡೆಯೆಲ್ಲ ಬೀಗರ ಕಾರೇ ಕಂಡಿತು. ಒಂದು ಕಡೆ ಯಾರೋ ಒಣಸೊಪ್ಪು ಸುಡುತ್ತಿದ್ದರು, ಅದಕ್ಕೂ ಬ್ರೇಕು ಹಾಕಿ ನೋಡಿದ.

ಕಾರು ಚಹಾದಂಗಡಿಯ ಪಕ್ಕದಲ್ಲಿ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಬಿಸಿ ಎಂಜಿನ್ನನ್ನು ಬಿಚ್ಚುವಂತಿಲ್ಲ, ಕಾಯಬೇಕು. ಎಂಜಿನ್ ತಣ್ಣಗಾಗುವ ಹೊತ್ತಿಗೆ ಬೀಗರು ಬಿಸಿಯಾದರು.

"ಅಲ್ಲ ಬೀಗ್ರೇ, ಮುಳ್ಳು ಮಧ್ಯದಲ್ಲೇ ಇದೆ. ಒಂದು ಹನಿ ಸೋರಿಲ್ಲ. ಇಷ್ಟಕ್ಕೆ ನಮ್ಮನ್ನ ಇಲ್ಲಿ ನಿಲ್ಲಿಸಿ..."

"ಮಾವ, ನಿಲ್ಲಿಸಿ ಅಂದವಳು ನಾನೂ ಹೌದು," ಎಂದಳು ಮಗಳು, ಸಣ್ಣ ದನಿಯಲ್ಲಿ. ಅವಳು ಅಪ್ಪನ ಕಡೆ ನೋಡಲಿಲ್ಲ. ಅದು ಮೇಸ್ತ್ರಿಗೆ ಬೀಗರ ಮಾತಿಗಿಂತ ಹೆಚ್ಚು ಚುಚ್ಚಿತು.

"ನಿಮ್ಮ ಮನೆ ಜಗಳ ಮುಗಿಯೋ ತನಕ ಇನ್ನೊಂದು ಲೋಟ ಚಹಾ ಹಾಕ್ಲಾ?" ಎಂದಳು ಅಂಗಡಿಯಾಕೆ.

ಎಂಜಿನ್ ಆರಿದ ಮೇಲೆ ಮೇಸ್ತ್ರಿ ಥರ್ಮೋಸ್ಟಾಟನ್ನು ಬಿಚ್ಚಿದ. ಅಂಗಡಿಯ ನಲ್ಲಿಯಿಂದ ಬಕೆಟ್ ತುಂಬಿ, ಮೇಲಿನಿಂದ ನೀರು ಸುರಿದು, ಕೆಳಗೆ ಮಗಳ ಹತ್ತಿ ಶಾಲನ್ನು ಜರಡಿಯಂತೆ ಹಿಡಿಸಿದ. ಮೊದಲ ಬಕೆಟ್ಟಿನಲ್ಲಿ ಬಂದದ್ದು ತುಕ್ಕಿನ ಬಣ್ಣ ಅಷ್ಟೇ. ಎರಡನೆಯದರಲ್ಲಿ ಶಾಲಿನ ಮೇಲೆ ಟಪ್ಪೆಂದು ಏನೋ ಬಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಚೂರು.

"ಸಿಕ್ತು!" ಎಂದು ಮಗಳು ಕಿರುಚಿದಳು. ಬೀಗಿತ್ತಿ ಕೈ ಮುಗಿದರು. ಬೀಗರು ಆ ಚೂರನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿ, "ನೀವು ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಬೀಗ್ರೇ," ಎಂದರು. ಮಗಳ ಮದುವೆಯಾದಂದಿನಿಂದ ಅವರ ಬಾಯಿಂದ ಮೇಸ್ತ್ರಿ ಕೇಳಿದ ಮೊದಲ ಒಳ್ಳೆಯ ಮಾತು ಇದು. ಮಗಳು ಈಗ ಅಪ್ಪನನ್ನೇ ನೋಡುತ್ತಿದ್ದಳು, ಕಣ್ಣು ಹೊಳೆಯುತ್ತಿತ್ತು.

ಮೇಸ್ತ್ರಿ ಎಲ್ಲರಿಗೆ ಬೆನ್ನು ಮಾಡಿ, ಅಂಗಿಯೊಳಗಿನ ಪೈಪನ್ನು ತೆಗೆದು, ಕಿಂಡಿಗೆ ಚೂರನ್ನು ಹಿಡಿದ.

ಕೂರಲಿಲ್ಲ.

ತಿರುಗಿಸಿ ಹಿಡಿದ. ಮಗುಚಿ ಹಿಡಿದ. ಇದರ ಅಂಚು ಹೊಳೆಯ ಕಲ್ಲಿನ ಹಾಗೆ ಸವೆದು ನುಣುಪಾಗಿತ್ತು. ಇಂದು ಬೆಳಿಗ್ಗೆ ಮುರಿದದ್ದರ ಅಂಚು ಹಾಗಿರುವುದು ಸಾಧ್ಯವೇ ಇರಲಿಲ್ಲ. ಹಿಂದೆ ಬೀಗಿತ್ತಿ ಆಗಲೇ ಲೋಟಗಳನ್ನು ಅಂಗಡಿಯಾಕೆಗೆ ಕೊಡುತ್ತಿದ್ದರು. ಕಾರಿನ ಬಾಗಿಲು ತೆರೆದ ಸದ್ದು. ಸುಮ್ಮನೆ ಚೂರನ್ನು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಆ ಒಂದು ಒಳ್ಳೆಯ ಮಾತನ್ನು ಮನೆಗೆ ತೆಗೆದುಕೊಂಡು ಹೋಗಬಹುದು.

"ಬೀಗ್ರೇ," ಎಂದ. "ಇದು ಅದಲ್ಲ."

"ಯಾವುದು ಯಾವುದಲ್ಲ?"

"ಈ ಚೂರು ಈ ಪೈಪಿಂದಲ್ಲ. ಹಳೇದು. ಹಿಂದೆ ದೊಡ್ಡ ಗ್ಯಾರೇಜಲ್ಲಿ ಬದಲಾಯಿಸಿದ್ರಲ್ಲ, ಆವಾಗ ಉಳಿದದ್ದು. ನಂದು ಇನ್ನೂ ಒಳಗೇ ಇದೆ."

ಬೀಗರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಮುಖದ ಬಣ್ಣ ನಿಧಾನವಾಗಿ ಇಳಿಯುತ್ತ ಹೋಯಿತು.

"ಅಂದ್ರೆ... ಇಷ್ಟು ದಿನ ಇದನ್ನ ಒಳಗಿಟ್ಕೊಂಡೇ ನಾನು ಓಡಾಡ್ತಿದ್ದೆ? ಈ ಬೆಟ್ಟ ಹತ್ತಿ ಇಳಿದೆ? ಮನೆಯವರನ್ನೆಲ್ಲ ಕೂರಿಸ್ಕೊಂಡು?"

"ಹೌದು ಬೀಗ್ರೇ."

ಬೀಗರು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಎದ್ದು, ಅಂಗಿಯ ತೋಳು ಮಡಿಸಿ, ತಾವೇ ಬಕೆಟ್ ಹಿಡಿದು ನಲ್ಲಿಯ ಕಡೆ ನಡೆದರು.

ಮತ್ತೆ ಸುರಿದರು. ಶಾಲಿನ ಮೇಲೆ ಬರೀ ನೀರು. ಮತ್ತೆ ಸುರಿದರು. ಚಹಾದಂಗಡಿಯಾಕೆ ನೀರು ಮುಗಿಯುತ್ತದೆಂದು ಗೊಣಗಿ, ಗೊಣಗುತ್ತಲೇ ಇನ್ನೊಂದು ಬಕೆಟ್ ತಂದಿಟ್ಟಳು. ಬೆಟ್ಟದ ನೆರಳು ರಸ್ತೆಯ ಮೇಲೆ ಇಳಿಯುತ್ತಿತ್ತು. ಮೇಸ್ತ್ರಿ ಮೆದುವಾದ ರಬ್ಬರ್ ಸುತ್ತಿಗೆಯಿಂದ ಎಂಜಿನ್ನಿನ ಮೈಯನ್ನು ಕೆಮ್ಮುವ ಮಗುವಿನ ಬೆನ್ನು ತಟ್ಟುವಂತೆ ತಟ್ಟುತ್ತ ಹೋದ. ಬೀಗರು ಸುರಿದರು. ಆಗ ಬಂತು, ಉಗುರಿನಷ್ಟು, ಚೂಪಾದ ಅಂಚಿನದು. ಕಿಂಡಿಗೆ ಇಟ್ಟ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಮೇಸ್ತ್ರಿ ಪೈಪನ್ನು ಬೀಗರ ಕೈಗೆ ಕೊಟ್ಟ. ಅವರು ತಲೆಯನ್ನು ಹಿಂದಕ್ಕೆ ಬಾಗಿಸಿ ನೋಡಲಿಲ್ಲ. ಮುಂದಕ್ಕೆ ಬಾಗಿ ನೋಡಿದರು.

"ಇನ್ನೊಂದು ಬಕೆಟ್ ಹಾಕೋಣ ಬೀಗ್ರೇ," ಎಂದರು.

"ಬೇಡ, ಎಲ್ಲ ಬಂತು."

"ಹಳೇದರಲ್ಲಿ ಇನ್ನೊಂದು ಚೂರು ಇದ್ರೆ? ಅದರ ಲೆಕ್ಕ ನಮ್ಮ ಹತ್ರ ಇಲ್ವಲ್ಲ?"

ಅದೇ ಪ್ರಶ್ನೆ ಮೇಸ್ತ್ರಿಯ ತಲೆಯಲ್ಲೂ ಓಡುತ್ತಿತ್ತು. ಇನ್ನೊಂದು ಬಕೆಟ್ ಹಾಕಿದರು. ಏನೂ ಬರಲಿಲ್ಲ. ಇನ್ನೊಂದು ಎಂದರು ಬೀಗರು. ಅದೂ ಆಯಿತು. ಅವರು ಮತ್ತೆ ಖಾಲಿ ಬಕೆಟ್ ಎತ್ತಿದಾಗ ಮಗಳು ಅಪ್ಪನ ಮುಖ ನೋಡಿದಳು. ಯಾರಿಗೂ, ಯಾವತ್ತೂ ಹೇಳಿ ಅಭ್ಯಾಸವಿಲ್ಲದ ಮಾತೊಂದನ್ನು ಮೇಸ್ತ್ರಿ ಹೇಳಬೇಕಾಗಿ ಬಂತು.

"ಸಾಕು ಬೀಗ್ರೇ. ನಾನು ಹೇಳ್ತಿದ್ದೀನಲ್ಲ, ಸಾಕು. ಬೆಳಕಿದೆ, ಹೊರಡಿ."

ಥರ್ಮೋಸ್ಟಾಟನ್ನು ಮತ್ತೆ ಕೂರಿಸಿ, ಕೂಲೆಂಟ್ ತುಂಬಿ, ಒಳಗೆ ಸಿಕ್ಕಿದ ಗಾಳಿ ಬಿಡಿಸಿ, ಮುಚ್ಚಳ ತಿರುಗಿಸಿದ. ಮಗಳು ಒದ್ದೆ ಶಾಲನ್ನು ಹಿಂಡಿ ಅಪ್ಪನ ಕೈ ಒರೆಸಿದಳು. "ಮುಳ್ಳು ನೋಡ್ತಾ ಇರ್ತೀನಪ್ಪ," ಎಂದಳು. ಕಾರು ಬೆಟ್ಟದ ದಾರಿ ಹಿಡಿಯಿತು. ಮೇಸ್ತ್ರಿ ರಸ್ತೆಯ ನಡುವೆ ನಿಂತು, ಕಿವಿಯನ್ನು ಎಂಜಿನ್ನಿನ ಸದ್ದಿಗೆ ಕೊಟ್ಟು ನೋಡುತ್ತಿದ್ದ.

ಮೊದಲ ತಿರುವಿನಲ್ಲಿ ಕಾರಿನ ಹಿಂದಿನ ಕೆಂಪು ದೀಪ ಹೊತ್ತಿತು. ಕಾರು ನಿಂತಿತು. ಮೇಸ್ತ್ರಿಯ ಉಸಿರೂ ನಿಂತಿತು. ಬೀಗರು ಇಳಿದರು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ನಿಂತರು. ಮತ್ತೆ ಹತ್ತಿ ಹೊರಟರು.

ಎರಡನೆಯ ತಿರುವಿನಲ್ಲೂ ನಿಂತರು.