ಗರ್ನಾಲಿನ ಸುಳ್ಳು

ನಿನ್ನೆ ಸಂಜೆ ಆಫೀಸಿನಿಂದ ಬಂದು ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಒಣ ಸಿಗಡಿ ಹುರಿಯುವ ವಾಸನೆ! ದೋಹಾ ಪಕ್ಕದ ಅಲ್ ವಕ್ರಾದ ನಮ್ಮ ಕಟ್ಟಡದಲ್ಲಿ ಈ ವಾಸನೆಯ ಹಕ್ಕುದಾರರು ಒಬ್ಬರೇ ಇದ್ದರು, ಪಕ್ಕದ ಮನೆಯ ಲಿಲ್ಲಿ ಬಾಯಿ. ಅವರು ಕೆಲಸ ಬಿಟ್ಟು ತಮ್ಮೂರು ಶಿರ್ವಕ್ಕೆ ಮರಳಿ ತಿಂಗಳುಗಳೇ ಆದವು. ಮೂಗಿಗೆ ಅದು ಗೊತ್ತಿಲ್ಲ ನೋಡಿ.

ನಾನು ದೋಹಾಕ್ಕೆ ವರ್ಗವಾಗಿ ಬಂದ ಹೊಸತರಲ್ಲೇ ಅಕ್ಕಪಕ್ಕದ ದೇಶಗಳ ಜಗಳ ಇಲ್ಲಿನ ಆಕಾಶಕ್ಕೂ ಬಂದಿತ್ತು. ಹೆಂಡತಿ ಸುಜಾತ, ಪುಟ್ಟ ಮಗಳು ಇನ್ನೂ ಊರಲ್ಲಿದ್ದರು. ವೀಸಾ ಆಗಿತ್ತು, ಬರುವುದೊಂದೇ ಬಾಕಿ. ಹಗಲೆಲ್ಲ ವೆಸ್ಟ್ ಬೇಯ ಆಫೀಸಿನಲ್ಲಿ ಹುಲಿಯಾಗಿದ್ದ ನಾನು ಸಂಜೆ ಖಾಲಿ ಮನೆಯಲ್ಲಿ ಇಲಿ. ಒಂದು ಸಂಜೆ ಅವಳೊಡನೆ ಫೋನಿನಲ್ಲಿರುವಾಗ ಢಂ ಎಂದಿತು. ನಮ್ಮ ಕರಾವಳಿಯವರ ಕಿವಿಗೆ ಈ ಸದ್ದಿಗೆ ಒಂದೇ ಅರ್ಥ: ಎಲ್ಲೋ ಭೂತದ ಕೋಲವೋ ಚರ್ಚಿನ ಹಬ್ಬವೋ ಇದೆ, ಕಿವಿ ಒಡೆಯುವ ಆ ಗರ್ನಾಲು ಪಟಾಕಿ ಬಿಟ್ಟಿದ್ದಾರೆ, ಓಡಿ ಹೋಗಿ ಕತ್ತೆತ್ತಿ ನೋಡಬೇಕು. ನಾನೂ ಬುದ್ಧಿವಂತ, ಫೋನ್ ಹಿಡಿದೇ ಬಾಲ್ಕನಿಗೆ ಓಡಿದೆ! ಮೇಲೆ, ಆಕಾಶದಲ್ಲೇ ಹೊಡೆದುರುಳಿಸಿದ ಕ್ಷಿಪಣಿಯ ಹೊಗೆ.

"ಎಂತದ್ರೀ ಅದು ಸದ್ದು?" ಸುಜಾತ ಕೇಳಿದಳು.

"ಗರ್ನಾಲು ಮಾರಾಯ್ತಿ, ಯಾರದೋ ಮದುವೆ."

"ಒಳಗೆ ಹೋಗಿ ಮಾರಾಯ್ರೇ!" ಪಕ್ಕದ ಕಿಟಕಿಯಿಂದ ಲಿಲ್ಲಿ ಬಾಯಿ ಕಿರುಚಿದರು. "ನೋಡ್ಲಿಕ್ಕೆ ಇದೆಂತ ಊರಿನ ಕೋಲವಾ?"

ಅವಸರದಲ್ಲಿ ಫೋನ್ ಇಟ್ಟೆ. ಆಮೇಲೆ ಲಿಲ್ಲಿ ಬಾಯಿ ನನ್ನನ್ನು ಕರೆದು ಗಂಜಿ, ಸಿಗಡಿ ಚಟ್ನಿ ಬಡಿಸಿದರು. ಹೊಟ್ಟೆಗೆ ಬಿದ್ದ ಮೇಲೆ ನನ್ನ ಸುಳ್ಳಿನ ಜಾಣತನ ಕೊಚ್ಚಿಕೊಂಡೆ. ಅವರು ನಗಲಿಲ್ಲ.

"ನಾಳೆ ಅವಳು ಇಲ್ಲಿಗೆ ಬಂದು ಮಗುವನ್ನು ಅಪ್ಪಿಕೊಂಡು ಇದೇ ಸದ್ದು ಕೇಳ್ತಾಳಲ್ಲ, ಆಗ ನಿಮ್ಮ ಮುಖ ನೋಡ್ತಾಳೆ. ಎಂತ ಹೇಳ್ತೀರಿ? ನಿಜ ಹೇಳಿಬಿಡಿ, ಖಲಾಸ್. ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು."

ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಬರುವುದೇ ಇಲ್ಲ ಎಂದುಬಿಟ್ಟರೆ? ಕೊನೆಗೆ ಸುಜಾತಳಿಗೆ ಎಲ್ಲ ಹೇಳಿದೆ, ನನಗೂ ಹೆದರಿಕೆ ಎಂಬುದನ್ನೂ ಸೇರಿಸಿ.

"ಪಕ್ಕದವರು ನಿಮಗೆ ಬೈದದ್ದು ಅವತ್ತೇ ಕೇಳಿಸಿತ್ತು," ಎಂದಳು. "ನೀವಾಗಿ ಹೇಳುವವರೆಗೆ ಟಿಕೆಟ್ ಮಾಡುವುದೇ ಇಲ್ಲ ಅಂತ ಕೂತಿದ್ದೆ."

ಆಕಾಶ ತಣ್ಣಗಾದ ಮೇಲೆ ಇಬ್ಬರೂ ಬಂದರು. ವಿಮಾನ ನಿಲ್ದಾಣದಲ್ಲಿ ನಾನು ಅತ್ತದ್ದನ್ನು ಮಗಳು ಈಗಲೂ ಆಡಿಕೊಳ್ಳುತ್ತಾಳೆ.

ನಿನ್ನೆ ತಡೆಯಲಾಗದೆ ಲಿಲ್ಲಿ ಬಾಯಿಯ ಆ ಮನೆಯ ಬೆಲ್ ಒತ್ತಿದೆ. ಹೊಸದಾಗಿ ಬಂದ ಮೂಡುಬಿದಿರೆಯ ದಂಪತಿ. ಕಂಕುಳಲ್ಲಿ ಮಗು ಎತ್ತಿಕೊಂಡ ಹುಡುಗಿ, ಊರು ಹೆಸರು ವಿಚಾರಿಸಿದವಳೇ, "ಇಲ್ಲಿ ಹೆದರಿಕೆ ಎಂತ ಇಲ್ಲ ಅಲ್ವಾ ಅಣ್ಣ? ಇವರು ಏನೂ ಇಲ್ಲ ಅಂತಾರೆ," ಎಂದಳು. ಹಿಂದೆ ನಿಂತ ಗಂಡ ನನ್ನನ್ನು ಕಣ್ಣಲ್ಲೇ ಬೇಡಿಕೊಂಡ.

"ಉಂಟಮ್ಮ," ಎಂದೆ. "ನನಗೂ ಉಂಟು, ನಿನ್ನ ಗಂಡನಿಗೂ ಉಂಟು. ಹೆದರಿಕೆ ಆದಾಗ ಮೂವರೂ ನಮ್ಮಲ್ಲಿಗೆ ಬನ್ನಿ."