ಅನುದಾನವೋ, ಅನ್ನದಾನವೋ

ಆವತ್ತು ಅಂಗಳ ಗುಡಿಸಿ ನೀರು ಹಾಕಿದೆ. ಹಾಲು ಕಾಯಿಸಿದೆ. ರಾಗಿಹಿಟ್ಟು ಜರಡಿ ಹಿಡಿದೆ. ನೆನೆದ ಅವರೆಕಾಳು ಹಿತುಕಿದೆ. ತುಂಬು ಬಸುರಿ ಮಗಳ ತಲೆಗೆ ಹರಳೆಣ್ಣೆ ಒತ್ತುತ್ತಿದ್ದಾಗ ಪಂಚಾಯ್ತಿಯ ಆಟೋ ಮೈಕಿನಲ್ಲಿ ಕೂಗುತ್ತಾ ಹೋಯಿತು: ಮಧ್ಯಾಹ್ನ ಗ್ರಾಮಸಭೆ, ಆಸ್ಪತ್ರೆಯ ಅನುದಾನದ ವಿಚಾರ.

"ಆಸ್ಪತ್ರೆಯಾಗೆ ಅನ್ನದಾನ ಅಂತೆ ಕಣೇ" ಎಂದರು ಅತ್ತೆ. ಅವರಿಗೆ ಕಿವಿ ಮಂದ. ನಾನು ತಿದ್ದುವಷ್ಟರಲ್ಲಿ ಅವರು ಒಂದಿಷ್ಟು ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಾಗಿತ್ತು.

ನನ್ನ ಮನಸ್ಸೆಲ್ಲ ಮಗಳ ಮೇಲಿತ್ತು. ನಮ್ಮೂರ ಆಸ್ಪತ್ರೆಯ ಹೆರಿಗೆ ಕೋಣೆಗೆ ನೀರಿನ ಪೈಪಿರಲಿಲ್ಲ. "ನಲ್ಲಿ ಬಂದ್ರೆ ಇಲ್ಲೇ ಹೆರಿಗೆ ಮಾಡಿಸ್ತೀನಿ, ಇಲ್ಲಾಂದ್ರೆ ಹೊಸದುರ್ಗಕ್ಕೆ ಕರ್ಕಂಡು ಹೋಗ್ರಿ" ಎಂದು ನರ್ಸಮ್ಮ ಹೇಳಿದ್ದರು. ಆ ಗುಂಡಿ ರಸ್ತೆಯೆಂದರೆ ಮಗಳಿಗೆ ಭಯ. ದಾರೀಲೇ ಆಗಿಬಿಟ್ರೆ ಏನವ್ವಾ ಎಂದು ಮಲಗುವಾಗ ದಿನಾ ಕೇಳುತ್ತಿದ್ದಳು.

ಅತ್ತೆ, ಮಗಳ ಜೊತೆ ನಾನು ಹೋದಾಗ ಸಭೆ ಬೇವಿನ ಮರದಡಿ ಸೇರಿತ್ತು. ಮಧ್ಯಾಹ್ನದ ಬಿಸಿಲು ಜಮಖಾನದ ಮೇಲೆ ಅಲ್ಲಲ್ಲಿ ಚೆಲ್ಲಿತ್ತು. ಗುಡ್ಡದ ಮೇಲಿನ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ನಿಧಾನ ತಿರುಗುತ್ತಿದ್ದವು. ಪಿಡಿಒ ಹೊಸ ಕಾಯಿದೆ ಓದುತ್ತಿದ್ದರು: ಪಂಚಾಯ್ತಿಯು ತನ್ನ ಕಂದಾಯದಲ್ಲಿ ಒಂದು ಪಾಲನ್ನು ಊರ ಆಸ್ಪತ್ರೆಗೆ ಅನುದಾನವಾಗಿ ಕೊಡಬಹುದು. ಆ ದನಿಗೆ ನನ್ನ ರೆಪ್ಪೆ ಎಳೆಯಿತು. ಅರೆನಿದ್ದೆಯಲ್ಲಿ ಎಲ್ಲೋ ನಲ್ಲಿ ಸುರಿಯುತ್ತಿತ್ತು, ಯಾರೋ ಕೂಸಿನ ಪುಟ್ಟ ಅಂಗಾಲು ತೊಳೆಯುತ್ತಿದ್ದರು. ಮುಖ ನೋಡೋಣವೆಂದು ಬಗ್ಗಿದೆ.

"ಕೊಡಬೌದು ಅಂತ ಐತೆ, ಕೊಡಲೇಬೇಕು ಅಂತಿಲ್ವಲ್ಲ!" ನಮ್ಮ ಬೀದಿಯ ಮೆಂಬರು ಕೂಗಿದ್ದಕ್ಕೆ ಎಚ್ಚರವಾಯಿತು. "ಮೊದ್ಲು ಚರಂಡಿ ಮಾಡಾಣ. ಆಸ್ಪತ್ರೆ ಸರ್ಕಾರದ್ದು, ಅವರೇ ನೋಡ್ಕಳ್ಲಿ."

ಅತ್ತೆ ಮೊಣಕಾಲು ಹಿಡಿದು ಎದ್ದು ನಿಂತರು. "ಲೇ, ಹಸಿದೋರು ಬಾಗ್ಲಿಗೆ ಬಂದ್ರೆ 'ಉಣ್ಣಬೌದು' ಅಂತೀಯೋ, 'ಉಣ್ಣು ಬಾ' ಅಂತೀಯೋ? ಅನ್ನದಾನಕ್ಕೂ ಬೌದು ಅಂತಾರೇನ್ಲೇ? ತಗಳ್ರಿ, ನಂದೀಟು ಅಕ್ಕಿ."

ಸಭೆ ಗೊಳ್ಳೆಂದಿತು. "ಅಜ್ಜೀ, ಅನ್ನದಾನ ಅಲ್ಲ, ಅನುದಾನ!" ಎಂದು ಮೆಂಬರು ಅವರ ಕಿವಿಯ ಹತ್ತಿರ ಬಂದು ಅರಚಿದ.

"ಎರಡ್ರಾಗೂ ದಾನ ಐತಲ್ಲ, ಕೊಡು ಮತ್ತೆ!"

ಪಂಚಾಯ್ತಿ ಅಧ್ಯಕ್ಷೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಮಗಳು ಕುಳಿತಿದ್ದ ಕಡೆ ನೋಡಿದರು. "ಚರಂಡಿ ಕಾಯ್ತೈತೆ, ಹೆರಿಗೆ ಕಾಯಲ್ಲ. ಹೆರಿಗೆ ಕೋಣೆಗೆ ನೀರು ಅಂತ ಬರ್ಕಳ್ರಿ. ಕೊಡಬೌದು ಅಂತಲ್ಲ, ಕೊಡತಕ್ಕದ್ದು ಅಂತ." ಕೈಗಳು ಎದ್ದವು. ಮೆಂಬರನ ಕೈಯೂ ಅರ್ಧ ಎದ್ದಿತು.

"ಪೈಪು ಬೇಗ ಬರಬಹುದು" ಎಂದರು ಪಿಡಿಒ. ಮತ್ತೆ ಅದೇ 'ಬಹುದು'! ಆದರೆ ಆಗ ಯಾರೂ ಅವರನ್ನು ಹಿಡಿದು ಕೇಳಲಿಲ್ಲ.

ಮನೆಗೆ ಬರುವಾಗ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. "ನೀರು ಮೊದ್ಲು ಬರ್ತೈತೋ, ಕೂಸು ಮೊದ್ಲು ಬರ್ತೈತೋ ಅವ್ವಾ?" ನನಗೂ ಗೊತ್ತಿರಲಿಲ್ಲ. "ನೀರೇ" ಎಂದೆ.

ರಾತ್ರಿ ಮುದ್ದೆ, ಹಿತುಕಿದ ಅವರೆಯ ಸಾರು. ಅತ್ತೆಯ ಸೆರಗಿನಲ್ಲೇ ವಾಪಸು ಬಂದ ಅಕ್ಕಿಯನ್ನೂ ಬೇಯಿಸಿದ್ದೆ. ಮಗಳು ಎರಡು ಸಲ ಬಡಿಸಿಕೊಂಡಳು. ಮಲಗುವಾಗ ಎಂದಿನಂತೆ "ದಾರೀಲೇ..." ಎಂದು ಶುರುಮಾಡಿದಳು. ಮಾತು ಮುಗಿಯುವ ಮೊದಲೇ, ಎಲ್ಲರಿಗಿಂತ ಮುಂಚೆ, ಅವಳಿಗೆ ನಿದ್ದೆ ಹತ್ತಿತ್ತು.